ಕೊಡಲಿಗೆ ಸಾಣೆ ಇತ್ತು, ಫೋನಿಗೆ ಏಕಿಲ್ಲ?

ಮೊನ್ನೆ ಸಂಗನಕಲ್ಲಿನಿಂದ ಜೀನ್ಸ್ ಹೊಲಿಯುವ ಕಾರ್ಮಿಕ ಸಹೋದರರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಫೋನು ಚಾರ್ಜು ಹಿಡಿಯುವುದಿಲ್ಲ. ತೋರಿಸಿದ ಕಡೆ, 'ಬೋರ್ಡು ಹೋಗಿದೆ, ಹೊಸದು ಕೊಳ್ಳುವುದೇ ಲೇಸು' ಎಂದಿದ್ದರಂತೆ. ಕಂತಿನ ಕಾಗದಕ್ಕೆ ರುಜು ಹಾಕುವುದೊಂದೇ ಬಾಕಿ. ನಾವು ಫೋನನ್ನು ಪೂರ್ತಿ ಆರಿಸಿ, ಚಾರ್ಜರಿನ ಪಿನ್ನು ಕೂರುವ ತೂತನ್ನು ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದೆವು. (ಸೂಜಿ ಹಾಕಬಾರದು.) ನೀಲಿ ದೂಳಿನ ಉಂಡೆಯೊಂದು ಹೊರಬಿತ್ತು. ಹಗಲೆಲ್ಲ ಹೊಲಿದ ಬಟ್ಟೆಯ ದೂಳು! ಪಿನ್ನು ಕೂತಿತು, ಚಾರ್ಜು ಏರಿತು.

ಹತ್ತಿ ಮಿಲ್ಲಿನವರಿಗೆ ಹತ್ತಿಯ ಎಳೆ, ಸಿರುಗುಪ್ಪದ ಅಕ್ಕಿ ಗಿರಣಿಯವರಿಗೆ ತೌಡು, ಕಥೆ ಒಂದೇ. ಬಿಸಿಲಿಗೆ ಕಾದ ಫೋನು ಚಾರ್ಜನ್ನು ತಾನೇ ತಡೆಯುತ್ತದೆ. ಅದು ಕೆಟ್ಟದ್ದಲ್ಲ, ನೆರಳಿಗಿಟ್ಟರೆ ಸಾಕು. ನಿಧಾನವಾಯಿತೆಂದರೆ ಬಹಳ ಸಲ ಶುಭೋದಯದ ಚಿತ್ರಗಳಿಂದ ಜಾಗ ತುಂಬಿರುತ್ತದೆ. ವ್ಯಾಪಾರಿ ಮಿತ್ರರ ಗಲ್ಲೆಯ ಮೇಲಿನ, ಹಣ ಬಂತೆಂದು ಕೂಗುವ ಡಬ್ಬಿ ಮೂಕವಾದರೆ ಒಮ್ಮೆ ಆರಿಸಿ ಹಚ್ಚಬೇಕು. ಅದರೊಳಗೂ ಸಿಮ್ಮಿದೆ, ಅದಕ್ಕೂ ಸಿಗ್ನಲ್ ಬೇಕು. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಮಾತ್ರ ಯಾರೂ ಒತ್ತಬಾರದು, ಚುಚ್ಚಬಾರದು. ಅದು ಬೆಂಕಿ.

ಇಷ್ಟು ಸಣ್ಣ ವಿಷಯ ನಮಗೇಕೆ ಗೊತ್ತಿಲ್ಲ? ಗೊತ್ತಾಗದಿರುವುದರಲ್ಲೇ ಕೆಲವರಿಗೆ ಲಾಭವಿದೆ.

ಹಾಗಾದರೆ ರಿಪೇರಿ ಅಂಗಡಿಯವನು ಕಳ್ಳನೇ? ನಾವು ಹಾಗೆನ್ನುವುದಿಲ್ಲ. ಒಂದು ದೀಪದ ಕೆಳಗೆ ಕಣ್ಣು ಕಿರಿದು ಮಾಡಿ ಕೂತ ಆತನೂ ನಮ್ಮಂತೆ ದುಡಿದು ಉಣ್ಣುವವನೇ. ಅಸಲಿ ಬಿಡಿಭಾಗ, ಯಂತ್ರದ ನಕ್ಷೆ ಆತನ ಕೈಗೆ ಸುಲಭವಾಗಿ ಸಿಗುವಂತಿಲ್ಲ. ಹಿಂದೆ ಬೆನ್ನಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ಬ್ಯಾಟರಿ ಬದಲಿಸುತ್ತಿದ್ದೆವು. ಈಗ ಅದನ್ನು ಅಂಟು ಹಾಕಿ ಒಳಗೇ ಹೂತಿದ್ದಾರೆ. ಕೆಲವು ಫೋನುಗಳಂತೂ ಹೊರಗಿನವರು ಬಿಡಿಭಾಗ ಹಾಕಿದರೆ ಪರದೆಯ ಮೇಲೆ ಎಚ್ಚರಿಕೆ ತೋರಿಸಿ ಹೆದರಿಸುತ್ತವೆ. ದುಡ್ಡು ಕೊಟ್ಟವರು ನಾವು, ಯಜಮಾನಿಕೆ ಕಂಪನಿಯದು!

ಕಂಪ್ಯೂಟರಿನದೂ ಅದೇ ಹಾಡು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ರಕ್ಷಣೆ ನಿಂತಿತು. ಗಟ್ಟಿಮುಟ್ಟಾಗಿ ಓಡುವ ಎಷ್ಟೋ ಯಂತ್ರಗಳು ಹೊಸ ವಿಂಡೋಸಿಗೆ 'ಅರ್ಹ'ವಲ್ಲ ಎನ್ನಿಸಿಕೊಂಡವು. ಕೆಟ್ಟದ್ದಕ್ಕಲ್ಲ, ಹಳತಾದದ್ದಕ್ಕೆ ಶಿಕ್ಷೆ.

ಸಂಗನಕಲ್ಲಿನ ಪಕ್ಕದ ಹಿರೇಗುಡ್ಡದಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ಕಪ್ಪು ಕಲ್ಲಿನ ಕೊಡಲಿ ಮಾಡುತ್ತಿದ್ದರು. ಅವರು ಉಜ್ಜಿ ಸವೆಸಿದ ಗುಳಿಗಳನ್ನು ಬಂಡೆಗಳ ಮೇಲೆ ಕಾಣಬಹುದು. ಮೊಂಡಾದ ಕಲ್ಲುಕೊಡಲಿಗೆ ಹಿಡಿದವನೇ ಮತ್ತೆ ಬಾಯಿ ಹಚ್ಚಬಹುದಿತ್ತು, ಯಾವ ಕಂಪನಿಯ ಅಪ್ಪಣೆಯೂ ಬೇಕಿರಲಿಲ್ಲ. ಅದೇ ಊರಿನ ದುಡಿಯುವವನಿಗೆ ಇಂದು ತನ್ನ ಹಾಜರಿ, ಪಗಾರ, ಪಡಿತರದ ಸಂದೇಶವೆಲ್ಲ ಬರುವ ಯಂತ್ರವನ್ನು ಬಿಚ್ಚುವ ಹಕ್ಕಿಲ್ಲವೆಂದರೆ ಇದೆಂಥ ಪ್ರಗತಿ, ಸ್ವಾಮೀ?

ಇದು ಆಗದ ಮಾತೇನಲ್ಲ. ಯೂರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ನಿಯಮ ಜಾರಿಗೆ ಬಂದಿದೆ: ಫೋನಿನ ಮಾದರಿಯ ಮಾರಾಟ ನಿಂತ ಮೇಲೂ ಮುಖ್ಯ ಬಿಡಿಭಾಗ 7 ವರ್ಷ ಸಿಗಬೇಕು, ಬ್ಯಾಟರಿ 800 ಸಲ ಚಾರ್ಜಾದ ಮೇಲೂ ಶೇಕಡಾ 80ರಷ್ಟು ಶಕ್ತಿ ಉಳಿಸಿಕೊಳ್ಳಬೇಕು. ಅಲ್ಲಿ ತಲೆಬಾಗುವ ಕಂಪನಿಗಳೇ ಇಲ್ಲಿ ಅಂಗಡಿ ತೆರೆದಿವೆ. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ 'ರಿಪೇರಿಯ ಹಕ್ಕು' ಎಂದು ಸಮಿತಿ ಮಾಡಿತು, ಜಾಲತಾಣ ತೆರೆಯಿತು. ಕಂಪನಿ ಮನಸ್ಸು ಮಾಡಿದರೆ ಮಾಹಿತಿ ಹಾಕಬಹುದಂತೆ. ಮನಸ್ಸು ಮಾಡದಿದ್ದರೆ? ಬಿಡಿಭಾಗ, ನಕ್ಷೆ, ದರಪಟ್ಟಿ ಮೂರೂ ಕಾಯಿದೆಯಿಂದ ಕಡ್ಡಾಯವಾಗಬೇಕು ಎಂಬುದು ನಮ್ಮ ಬೇಡಿಕೆ.

ಅಲ್ಲಿಯವರೆಗೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. 5 ಲಕ್ಷ ರೂಪಾಯಿಯೊಳಗಿನ ವಸ್ತುವಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಆದುದರಿಂದ ಬಿಲ್ಲನ್ನೂ, ರಿಪೇರಿಗೆ ಹೇಳಿದ ದರದ ಚೀಟಿಯನ್ನೂ ಎಸೆಯದೆ ನಮ್ಮ ಕಚೇರಿಗೆ ತನ್ನಿ. ಭಾನುವಾರ ಬೆಳಿಗ್ಗೆ ಬಾಗಿಲು ತೆರೆದಿರುತ್ತದೆ.