ಸ್ವಭಾವವೋ, ಗೇಣಿಯ ಕರಾರೋ?

ರಾಜ್ಯಶಾಸ್ತ್ರವೆಲ್ಲವೂ ಮನುಷ್ಯನು ಎಂಥವನೆಂಬ ಒಂದು ಗ್ರಹಿಕೆಯ ಮೇಲೆ ನಿಂತಿರುವುದಷ್ಟೆ. ಅಂಕುಶವಿಲ್ಲದ ಮನುಷ್ಯರು ಪರಸ್ಪರ ಹಗೆಗಳೆಂದು ಬಗೆದ ಹಾಬ್ಸನು 1651ರಲ್ಲಿ ಸರ್ವಾಧಿಕಾರದ ಪ್ರಭುವನ್ನು ಬೇಡಿದನು. ಸಮಾಜವೇ ಮನುಷ್ಯನನ್ನು ಕೆಡಿಸಿತೆಂದ ರೂಸೋ 1762ರಲ್ಲಿ ಪ್ರಭುತ್ವವನ್ನು ಪ್ರಜೆಗಳ ಸಂಕಲ್ಪಕ್ಕೊಪ್ಪಿಸಿದನು. ಜೀವರೊಳಗೆ ಸ್ವಾಭಾವಿಕವಾದ ತಾರತಮ್ಯವುಂಟೆಂದು ನೆರೆಯ ಉಡುಪಿಯ ಮಧ್ವಾಚಾರ್ಯರು ಬೋಧಿಸಿದರು. ಅದು ಜೀವದ ಮಾತು, ಜಮೀನಿನ ಮಾತಲ್ಲ. ಆದರೆ ಒಡೆಯರ ಜಗಲಿಯಲ್ಲಿ ವೇದಾಂತವು ಎಷ್ಟು ಬೇಗ ಗೇಣಿಚೀಟಿಯಾಗುವುದು!

“ಒಕ್ಕಲು ಸ್ವಭಾವತಃ ಮೈಗಳ್ಳನು, ನಾಳೆಯ ಚಿಂತೆಯಿಲ್ಲದವನು, ಭೂಮಿಯು ಅವನ ಕೈಸೇರಿದರೆ ಹಾಳಾದೀತು.” ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಈ ವಾದವನ್ನು ಕೇಳದ ಹಿರಿಯರು ವಿರಳ. ಚಾಲಗೇಣಿಯ ಒಕ್ಕಲನ್ನು ವರ್ಷ ತುಂಬಿದೊಡನೆ ಎಬ್ಬಿಸಬಹುದಾಗಿತ್ತು. ತೆಂಗಿನ ಸಸಿಯು ಫಲ ಕೊಡಲು ಆರೇಳು ವರ್ಷ ಬೇಕು. ಕಾಯಿ ಕೀಳುವವನು ತಾನೆಂಬ ಭರವಸೆಯಿಲ್ಲದವನು ಸಸಿಯನ್ನೇಕೆ ನೆಡಬೇಕು? ಗೊಬ್ಬರ ಹೊತ್ತು ಬೆಳೆಯನ್ನು ಹೆಚ್ಚಿಸಿದರೆ ಗೇಣಿಯೂ ಹೆಚ್ಚೀತೆಂಬ ಭಯ ಬೇರೆ. ಅದೇ ಊರಿನ ಮೂಲಗೇಣಿದಾರನಿಗಾದರೋ ಗೇಣಿಯು ಸ್ಥಿರ, ಹಕ್ಕು ವಂಶಪಾರಂಪರ್ಯ. ಅವನು ತೋಟವೆಬ್ಬಿಸಲು ಅಂಜಬೇಕಾಗಿರಲಿಲ್ಲ. ಇಬ್ಬರಿಗೂ ಮಳೆಯೊಂದೇ, ಮಣ್ಣೊಂದೇ. ಭೇದವಿದ್ದುದು ಕರಾರಿನಲ್ಲಿ, ಅದಕ್ಕೆ ನಾವು ಸ್ವಭಾವವೆಂದು ಹೆಸರಿಟ್ಟೆವು.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರ ‘ಚೋಮನ ದುಡಿ’ಯಲ್ಲಿ ಇದನ್ನೇ ಚಿತ್ರಿಸಿದರು. ಚೋಮನಿಗೆ ಎತ್ತುಗಳಿದ್ದವು, ತೋಳಿನಲ್ಲಿ ಬಲವಿತ್ತು, ಆಸೆಯೂ ಇತ್ತು. ಅವನ ಜಾತಿಗೆ ಬೇಸಾಯವು ಸಲ್ಲದೆಂಬುದೊಂದೇ ಅಡ್ಡಿ.

1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿಯು ಜಾರಿಗೆ ಬಂದು, ಗೇಣಿಯ ಭೂಮಿಯು ಸರಕಾರಕ್ಕೆ ಸೇರಿತು. ಏಳನೆಯ ನಮೂನೆಯ ಅರ್ಜಿಯನ್ನಿತ್ತ ಒಕ್ಕಲುಗಳು ನ್ಯಾಯಮಂಡಳಿಯ ತೀರ್ಮಾನದಿಂದ ಒಡೆಯರಾದರು. ಭೂಮಿಯು ಹಾಳಾಯಿತೇ? ಆ ಒಕ್ಕಲುಗಳ ಮಕ್ಕಳಿಗೆ ಪಾಠ ಹೇಳಿದ ಉಪಾಧ್ಯಾಯರೇ ಉತ್ತರ ಕೊಡಲಿ.

ವಿಷಾದದ ಸಂಗತಿಯು ಬೇರೆಯಿದೆ. ಒಡೆಯನು ಬದಲಾದನು, ಮಾತು ಬದಲಾಗಲಿಲ್ಲ. ನಿನ್ನೆಯ ಒಕ್ಕಲೇ ಇಂದು ಕೂಲಿಯವನನ್ನು ಹುಟ್ಟು ಸೋಮಾರಿಯೆನ್ನುತ್ತಾನೆ. ಗೇಣಿಚೀಟಿಯೂ ಇಲ್ಲದ ಕೊರಗರಿಗೆ ಅರ್ಜಿ ಹಾಕಲು ಗದ್ದೆಯೆಲ್ಲಿತ್ತು? ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೆಯ ಇಸವಿಯ ಕಾನೂನೇ ಬೇಕಾಯಿತು. “ಅವರ ಸ್ವಭಾವವೇ ಹಾಗೆ, ಅವರೇ ಬೇಡಿ ಉಣ್ಣುವರು” ಎಂದವರುಂಟು! ಪರೀಕ್ಷಿಸಬೇಕಾದುದು ಉಂಡವರ ಸ್ವಭಾವವನ್ನೋ, ಬಡಿಸಿದವರ ಸ್ವಭಾವವನ್ನೋ?

ಕೊರಗರಿಗೆ ಭೂಮಿಯನ್ನು ಕೊಡುವ ಮಾತೆದ್ದಾಗ “ಕೊಟ್ಟರೂ ಉಳಿಸಿಕೊಳ್ಳರು” ಎನ್ನುವ ಮಹಾಶಯರು, ತಮ್ಮ ಅಜ್ಜನ ಕಾಲದ ಚಾಲಗೇಣಿ ಚೀಟಿಯು ಮನೆಯಲ್ಲಿದ್ದರೆ ಅದನ್ನೊಮ್ಮೆ ಹೊರತೆಗೆದು ಓದಲಿ.