ಸಮುದ್ರವಿಲ್ಲದ ಊರಿನ ಉಪ್ಪು

2022ರ ಫೆಬ್ರವರಿ 10ರಂದು ಗುರುಗ್ರಾಮದ ಸೆಕ್ಟರ್ 109ರ ಚಿಂಟೆಲ್ಸ್ ಪ್ಯಾರಡೈಸೊ ಸಮುಚ್ಚಯದಲ್ಲಿ ಆರನೇ ಮಹಡಿಯ ಮನೆಯೊಂದರ ನೆಲ ಕುಸಿಯಿತು. ಕೆಳಗಿನ ಚಾವಣಿಗಳೂ ಒಂದರ ಮೇಲೊಂದು ಬಿದ್ದು ಇಬ್ಬರು ಮಹಿಳೆಯರು ತೀರಿಕೊಂಡರು. ತನಿಖೆ ನಡೆಸಿದ ದೆಹಲಿ ಐಐಟಿ, ಕಾಂಕ್ರೀಟಿನಲ್ಲಿದ್ದ ಕ್ಲೋರೈಡ್‌ನಿಂದ ಕಂಬಿಗಳು ಬೇಗನೆ ತುಕ್ಕು ಹಿಡಿದದ್ದನ್ನು ಗುರುತಿಸಿತು.

ಕ್ಲೋರೈಡ್ ಎಂದರೆ ಉಪ್ಪಿನ ಅಂಶ. ಮಂಗಳೂರು, ಕಾರವಾರಗಳಲ್ಲಿ ಅದನ್ನು ಕಡಲ ಗಾಳಿಯೇ ಹೊತ್ತು ತರುತ್ತದೆ. ಕಡಲಿಲ್ಲದ ಊರಲ್ಲಿ ಅದು ಹೆಚ್ಚಾಗಿ ಕಾಂಕ್ರೀಟ್ ಕಲಸುವಾಗಲೇ ಒಳಸೇರುತ್ತದೆ: ಸವಳು ನೀರಿನಿಂದ, ಉಪ್ಪಿರುವ ಮರಳಿನಿಂದ, ಕೆಲವು ರಾಸಾಯನಿಕಗಳಿಂದ. ಆದ್ದರಿಂದಲೇ ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456, ಕಂಬಿ ಹಾಕಿದ ಕಾಂಕ್ರೀಟಿನಲ್ಲಿ (ಆರ್‌ಸಿಸಿ) ಕ್ಲೋರೈಡಿಗೆ ಘನ ಮೀಟರಿಗೆ 0.6 ಕಿಲೋ ಎಂಬ ಮಿತಿ ಹಾಕಿದೆ.

ಸಿಮೆಂಟಿನ ಕ್ಷಾರಗುಣ ಕಂಬಿಯ ಮೇಲೆ ತೆಳ್ಳನೆಯ ರಕ್ಷಾಪದರ ಕಟ್ಟಿರುತ್ತದೆ. ಕ್ಲೋರೈಡ್ ಅದನ್ನು ತೂತು ಮಾಡಿದರೆ ಕಂಬಿಯೇ ಬ್ಯಾಟರಿಯಾಗುತ್ತದೆ. ಒಂದು ಕಡೆ ಕಬ್ಬಿಣ ಕರಗಿ ಎಲೆಕ್ಟ್ರಾನುಗಳನ್ನು ಬಿಡುತ್ತದೆ, ಇನ್ನೊಂದು ಕಡೆ ನೀರು ಮತ್ತು ಆಮ್ಲಜನಕ ಅವನ್ನು ತೆಗೆದುಕೊಳ್ಳುತ್ತವೆ. ತುಕ್ಕು ಎಂದರೆ ಈ ಸಣ್ಣ ವಿದ್ಯುತ್ ಹರಿವು. ಹರಿಯುವುದು ವಿದ್ಯುತ್ತಾದ್ದರಿಂದ ಅದನ್ನು ಅಳೆಯಲೂ ಬರುತ್ತದೆ.

ಸ್ಲ್ಯಾಬನ್ನು ಒಂದು ಕಡೆ ಸ್ವಲ್ಪ ಕೆತ್ತಿ, ಕಂಬಿಯನ್ನು ಹೊಳೆಯುವಂತೆ ಉಜ್ಜಿ, ವೋಲ್ಟ್‌ಮೀಟರಿನ ಒಂದು ತಂತಿಯನ್ನು ಅದಕ್ಕೆ ಸಿಕ್ಕಿಸುತ್ತಾರೆ. ಇನ್ನೊಂದು ತಂತಿ ಒಂದು ಕೊಳವೆಗೆ ಹೋಗುತ್ತದೆ. ಅದರೊಳಗೆ ತಾಮ್ರದ ಕಡ್ಡಿ, ಸುತ್ತ ನೀಲಿ ದ್ರಾವಣ. ಅಡಕೆ ತೋಟದವರಿಗೆ ಚೆನ್ನಾಗಿ ಗೊತ್ತಿರುವ ಮೈಲುತುತ್ತವೇ ಅದು. ಸೀಮೆಸುಣ್ಣದಲ್ಲಿ ಚೌಕಗಳನ್ನು ಗೀಚಿ, ಕಾಂಕ್ರೀಟನ್ನು ಒದ್ದೆ ಮಾಡಿ, ಕೊಳವೆಯ ಸ್ಪಂಜಿನ ತುದಿಯನ್ನು ಚೌಕದಿಂದ ಚೌಕಕ್ಕೆ ಇಡುತ್ತ ಹೋಗುತ್ತಾರೆ. ಮೈನಸ್ 200 ಮಿಲಿವೋಲ್ಟಿಗಿಂತ ಮೇಲಿದ್ದರೆ ತುಕ್ಕು ಇಲ್ಲದಿರುವ ಸಾಧ್ಯತೆ ಶೇ 90ಕ್ಕೂ ಹೆಚ್ಚು. ಮೈನಸ್ 350ಕ್ಕಿಂತ ಕೆಳಗಿಳಿದರೆ ತುಕ್ಕು ನಡೆಯುತ್ತಿರುವ ಸಾಧ್ಯತೆಯೂ ಅಷ್ಟೇ ಹೆಚ್ಚು. ನಡುವಿನದು ಅನುಮಾನದ ವಲಯ.

ಇದೊಂದನ್ನೇ ನಂಬಿ ಕಟ್ಟಡದ ಹಣೆಬರಹ ಬರೆಯುವುದು ತಪ್ಪು. ತುಕ್ಕು ಇದೆಯೇ ಎಂಬುದಕ್ಕೆ ಇದು ಸುಳಿವು ಕೊಡುತ್ತದೆ, ಎಷ್ಟು ವೇಗದಲ್ಲಿ ತಿನ್ನುತ್ತಿದೆ ಎಂದು ಹೇಳುವುದಿಲ್ಲ. ವೇಗ ತಿಳಿಯಲು ಕಂಬಿಯ ವೋಲ್ಟೇಜನ್ನು ಹತ್ತಿಪ್ಪತ್ತು ಮಿಲಿವೋಲ್ಟ್‌ನಷ್ಟು ಕದಲಿಸಿ, ಹರಿಯುವ ವಿದ್ಯುತ್ತನ್ನು ಅಳೆಯಬೇಕು. ಜೊತೆಗೆ ಕಾಂಕ್ರೀಟಿನ ಪುಡಿಯಲ್ಲಿ ಕ್ಲೋರೈಡ್ ಪರೀಕ್ಷೆಯೂ ಬೇಕು.

ನನಗೆ ನೋವಾಗುವುದು, ಈ ಕೊಳವೆ ನಮ್ಮಲ್ಲಿ ಬಹುಪಾಲು ಬಿರುಕು ಕಂಡ ಮೇಲೆಯೇ ಬರುತ್ತದೆ ಎಂಬುದಕ್ಕೆ. ಮನೆಯ ಕೀಲಿ ಕೊಡುವ ದಿನವೇ ಮೊದಲ ಅಳತೆಯ ನಕ್ಷೆ ನಿವಾಸಿಗಳ ಸಂಘದ ಕೈಸೇರಬೇಕು. ಐದು ವರ್ಷಕ್ಕೊಮ್ಮೆ ಅದೇ ಚೌಕಗಳಲ್ಲಿ ಮತ್ತೆ ಅಳೆಯಬೇಕು. ಮೈನಸ್ 150 ಇದ್ದ ಚೌಕ ಮೈನಸ್ 300ಕ್ಕೆ ಇಳಿದಿದ್ದರೆ, ಗಿಲಾವಿನಲ್ಲಿ ಒಂದು ಗೆರೆಯೂ ಮೂಡುವ ಮೊದಲೇ ಆ ಚಾವಣಿಯನ್ನು ಬಿಚ್ಚಿ ನೋಡಬಹುದು.