ಪುಷ್ಪಕ ವಿಮಾನ: ಮಾತಿಲ್ಲದೆ ನಗಿಸಿದ ಚಿತ್ರ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿದವನು ನಾನು. ಮನೆಯಲ್ಲಿ ಮರಾಠಿ, ಉರ್ದು, ಲಂಬಾಣಿ ಆಡುವ ಮಕ್ಕಳು ಪಠ್ಯದ ಕನ್ನಡದೆದುರು ಮುದುಡಿ ಕೂರುತ್ತಿದ್ದರು. ಹಾಸ್ಯಪ್ರಬಂಧದ ಪಾಠವಿದ್ದ ದಿನ ಅರ್ಧ ತರಗತಿ ನಗುತ್ತಿತ್ತು. ಉಳಿದರ್ಧ ಅವರ ಮುಖ ನೋಡಿ ತಡವಾಗಿ ನಗುತ್ತಿತ್ತು. ಆ ತಡವಾದ ನಗೆಯನ್ನು ನಾನಿನ್ನೂ ಮರೆತಿಲ್ಲ. ‘ಪುಷ್ಪಕ ವಿಮಾನ’ದ ಮೇಲೆ ನನಗಿರುವ ಅಭಿಮಾನಕ್ಕೆ ಅದೇ ಕಾರಣ.

1987ರಲ್ಲಿ ತೆರೆಕಂಡ ಈ ಚಿತ್ರದ ನಿರ್ದೇಶಕರು ಸಿಂಗೀತಂ ಶ್ರೀನಿವಾಸರಾವ್. ನಿರ್ಮಾಣದಲ್ಲಿ ಜೊತೆಗೂಡಿದವರು ನಮ್ಮ ಶೃಂಗಾರ್ ನಾಗರಾಜ್. ಚಿತ್ರೀಕರಣ ನಡೆದದ್ದು ಬೆಂಗಳೂರಿನಲ್ಲಿ. ತಮಿಳಿಗೆ ‘ಪೇಸುಂ ಪಡಂ’, ಹಿಂದಿಗೆ ‘ಪುಷ್ಪಕ್’ ಎಂದು ಹೆಸರು ಬದಲಾಯಿತೇ ಹೊರತು ಡಬ್ಬಿಂಗಿನ ಪ್ರಶ್ನೆಯೇ ಏಳಲಿಲ್ಲ, ಏಕೆಂದರೆ ಇದರಲ್ಲಿ ಸಂಭಾಷಣೆಯೇ ಇಲ್ಲ. ಲಂಡನ್ನಿನಲ್ಲಿ ಹುಟ್ಟಿದ ಚಾಪ್ಲಿನ್ ಟಾಕಿ ಬಂದ ಮೇಲೂ 1931ರ ‘ಸಿಟಿ ಲೈಟ್ಸ್’ನಲ್ಲಿ ಮಾತಿಗೆ ಒಲಿಯಲಿಲ್ಲ, ಸಿಂಗೀತಂ ಅವರದೂ ಅದೇ ಪರಂಪರೆ.

ಆದರೆ ಇದನ್ನು ಮೂಕಿಚಿತ್ರವೆಂದರೆ ನಾನು ಒಪ್ಪಲಾರೆ. ಕಮಲಹಾಸನ್ ಅವರ ನಿರುದ್ಯೋಗಿ ಪದವೀಧರನದು ಸಿನಿಮಾ ಮಂದಿರದ ಪಕ್ಕದ ಕೋಣೆ. ಹೊಡೆದಾಟದ ಸದ್ದಿನಲ್ಲೇ ಮಲಗಿ ಅವನಿಗೆ ರೂಢಿ. ಕುಡಿದು ಬಿದ್ದ ಶ್ರೀಮಂತನೊಬ್ಬನನ್ನು ಕೂಡಿಹಾಕಿ, ಅವನ ಹೋಟೆಲ್ ಕೋಣೆ ಸೇರಿದ ಮೇಲೆ ಆ ನಿಶ್ಶಬ್ದದಲ್ಲಿ ನಿದ್ದೆ ಬಾರದು. ಮರಳಿ ಹೋಗಿ ಆ ಗದ್ದಲವನ್ನು ಧ್ವನಿಮುದ್ರಿಸಿ ತಂದು, ಕೇಳುತ್ತ ನಿದ್ರಿಸುತ್ತಾನೆ! ಹಾಸಿಗೆ ಬದಲಾದರೂ ಕಿವಿ ಬಡವನದೇ. ಇದನ್ನು ವಿವರಿಸಲು ನಾನಾಗಿದ್ದರೆ ಒಂದು ಪುಟ ಟಿಪ್ಪಣಿ ಬರೆಸುತ್ತಿದ್ದೆ.

ಭಿಕ್ಷುಕನ ಪ್ರಸಂಗವೂ ಹಾಗೆಯೇ. ತನ್ನ ಕಾಸು ತೋರಿಸಿ ಬೀಗಿದ ನಾಯಕನಿಗೆ ಅವನು ತನ್ನ ನೋಟುಗಳನ್ನೇ ತೋರಿಸಿ ನಗುತ್ತಾನೆ. ಮುಂದೆ ಅವನು ಸತ್ತಾಗ ಜನ ಮುಗಿಬೀಳುವುದು ಆ ನೋಟುಗಳಿಗೆ; ಹೆಣವನ್ನು ಕೇಳುವವರಿಲ್ಲ. ನಾವಿನ್ನೂ ನಗುತ್ತಿರುವಾಗಲೇ ನಿರ್ದೇಶಕರು ನಗೆಯನ್ನು ಕಸಿದುಕೊಳ್ಳುತ್ತಾರೆ.

ಎಲ್ಲವೂ ಹಿಡಿಸಿತೆಂದಲ್ಲ. ಬಂಧಿಯ ಮಲವನ್ನು ಉಡುಗೊರೆಯಂತೆ ಕಟ್ಟಿ ಸಾಗಿಸುವ ಹಾಸ್ಯ ನನಗೆ ಒಗ್ಗದು. (ಮಕ್ಕಳು ಅತಿ ಹೆಚ್ಚು ನಕ್ಕದ್ದು ಅಲ್ಲಿಯೇ ಎಂಬುದು ಬೇರೆ ಮಾತು.)

ಹೌದು, ಒಮ್ಮೆ ಪರೀಕ್ಷೆಗಳು ಮುಗಿದ ಮೇಲೆ ಬಾಡಿಗೆ ಟಿ.ವಿ. ತರಿಸಿ ಮಕ್ಕಳಿಗೆ ಇದನ್ನು ತೋರಿಸಿದ್ದೆ. ಕೊನೆಯಲ್ಲಿ ಊರು ಬಿಟ್ಟು ಹೊರಟ ನಾಯಕಿ ಗುಲಾಬಿಯೊಡನೆ ತನ್ನ ವಿಳಾಸದ ಚೀಟಿ ಕೊಡುತ್ತಾಳೆ. ಚೀಟಿ ಗಾಳಿಗೆ ಹಾರಿ ಚರಂಡಿಗೆ ಬೀಳುತ್ತದೆ. ವರ್ಷವಿಡೀ ತುಟಿ ಬಿಚ್ಚದಿದ್ದ ತಾಂಡಾದ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಎದ್ದು ನಿಂತು ಕೂಗಿದಳು: “ಅಯ್ಯ, ಚೀಟಿ ಹೋತ್ರಿ ಸರ!”